ಇಂಗ್ಲಿಷ್ ಎಂಬ ಮರೆ: ಎಂ.ಎ. ತರಗತಿಯಲ್ಲಿ ನೋವಿನ ಓದು



ಯಾರ ನೆನಪಿಗಾಗಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಅವರು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮಾಸ್ತರರು. ಮಗ್ಗಿ ಹೇಳಿಸಿದ ಹಾಗೆ ಇಂಗ್ಲಿಷ್ ಕ್ರಿಯಾಪದಗಳನ್ನು ಹೇಳಿಸುತ್ತಿದ್ದರಂತೆ, ಪದ್ಯ ಬಂದಾಗ ಮಾತ್ರ ಪುಸ್ತಕ ಮುಚ್ಚಿಸಿ ಕನ್ನಡದಲ್ಲಿ ಕತೆಯಾಗಿ ಹೇಳುತ್ತಿದ್ದರಂತೆ. ಅವರ ಮಗಳು ಈ ಮಾತನ್ನು ನನಗೆ ಫೋನಿನಲ್ಲಿ ಹೇಳಿದಾಗಲೇ ಇವತ್ತಿನ ಮಾತಿನ ವಿಷಯ ಹೊಳೆಯಿತು. ಇಂಗ್ಲಿಷ್ ಪುಸ್ತಕ ತೆರೆದಾಗ ನಮಗೆ ಏನು ಸಿಗುತ್ತದೆ, ಮುಚ್ಚಿ ಕನ್ನಡಕ್ಕೆ ಮರಳಿದಾಗ ಏನು ಸಿಗುತ್ತದೆ ಎಂಬುದೇ ನನ್ನ ಮೂವತ್ತು ವರ್ಷದ ಅಧ್ಯಾಪನದ ಚಿಂತೆ ಆಗಿತ್ತು.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಎಂ.ಎ. ಇಂಗ್ಲಿಷ್ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಟೋನಿ ಮಾರಿಸನ್ ಅವರ 'ದಿ ಬ್ಲೂಯೆಸ್ಟ್ ಐ' ಕಾದಂಬರಿಯ ಮೇಲೆ 16 ಅಂಕದ ಒಂದು ಪ್ರಶ್ನೆ ಇತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ತಿದ್ದಿದ ಪೇಪರುಗಳಲ್ಲಿ ಬಹುಪಾಲು ಒಂದೇ ವಾಕ್ಯದಿಂದ ಶುರುವಾಗಿದ್ದವು: ಪೆಕೋಲಾ ಎಂಬ ಹುಡುಗಿ ವರ್ಣ, ವರ್ಗ, ಲಿಂಗ ಎಂಬ ಮೂರು ಬಗೆಯ ಶೋಷಣೆಗೆ ಬಲಿಯಾದವಳು. ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸಿನ ವಾಕ್ಯ ಅದು. ತಪ್ಪೇನಿಲ್ಲ, ನಿಜವೇ. ನಾನು ಕೆಂಪು ಶಾಯಿಯಲ್ಲಿ 9, 10, 9 ಎಂದು ಹಾಕುತ್ತಾ ಹೋದೆ.

ಆಮೇಲೆ ಒಂದು ಪೇಪರು ಬಂತು. ವ್ಯಾಕರಣ ಕೆಟ್ಟಿತ್ತು, ಶುರುವಿನಲ್ಲಿ ಪೀಠಿಕೆ ಇರಲಿಲ್ಲ. ಮೂರನೇ ಪ್ಯಾರಾದಲ್ಲಿ ಬರೆದವರು ಕಾದಂಬರಿ ಬಿಟ್ಟು ತಮ್ಮ ಊರಿಗೆ ಹೋಗಿದ್ದರು. ತಮ್ಮೂರ ಕಿರಾಣಿ ಅಂಗಡಿಯವನು ತಮ್ಮ ಓಣಿಯ ಮಕ್ಕಳಿಗೆ ಚಿಲ್ಲರೆಯನ್ನು ಕೈಗೆ ಕೊಡುವುದಿಲ್ಲ, ಹಲಗೆಯ ಮೇಲೆ ಇಡುತ್ತಾನೆ, ಮಕ್ಕಳು ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದುಕೊಳ್ಳಬೇಕು ಎಂದು ಆರು ಸಾಲು. ಆರನೇ ಸಾಲು ಅರ್ಧಕ್ಕೆ ನಿಂತು, ಮತ್ತೆ ವರ್ಣ, ವರ್ಗ, ಲಿಂಗದ ವಾಕ್ಯಕ್ಕೆ ಮರಳಿತ್ತು. ಪ್ರಶ್ನೆಯ ಪರಿಧಿ ಮೀರಿದೆ ಎಂದುಕೊಂಡು ನಾನು 7 ಕೊಟ್ಟೆ. ಬಂಡಲು ಮುಗಿಸಬೇಕಿತ್ತು, ಮುಗಿಸಿದೆ. ರಾತ್ರಿ ಬಸ್ಸಿನಲ್ಲಿ ಬರುವಾಗ, ಬೆಳಗಿನಿಂದ ನಾನು ಓದಿದ ಅಷ್ಟೂ ಪೇಪರುಗಳಲ್ಲಿ ಕಾದಂಬರಿಯನ್ನು ನಿಜವಾಗಿ ಓದಿದ್ದವರು ಆ ಒಬ್ಬರೇ ಎಂದು ಹೊಳೆಯಿತು.

ಇದು ಹೇಗಾಯಿತು? ಓದುವುದು ಮನುಷ್ಯರ ಅನುಭವವನ್ನೇ, ಸಮಾಜದ ಗಾಯಗಳನ್ನೇ. ಅದೇ ಅನುಭವ ಉತ್ತರಪತ್ರಿಕೆಯಲ್ಲಿ ಬಂದರೆ ಅಂಕ ಕಳೆಯುವ ಸ್ಥಿತಿಗೆ ನಾವು ಬಂದದ್ದು ಹೇಗೆ?

ಇದರ ಬೇರು ಹಳೆಯದು. ಭಾರತದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಾಲೇಜಿನ ವಿಷಯವಾಗಿ ಓದಲು ಶುರು ಮಾಡಿ ಎಷ್ಟೋ ವರ್ಷಗಳಾದ ಮೇಲೆ ಆಕ್ಸ್‌ಫರ್ಡಿನಲ್ಲಿ ಅದಕ್ಕೊಂದು ಪದವಿ ವ್ಯಾಸಂಗ ಬಂದದ್ದು, 1890ರ ದಶಕದಲ್ಲಿ. ಗೌರಿ ವಿಶ್ವನಾಥನ್ ಅವರು 1989ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲೆಗಳ ಸಮೇತ ತೋರಿಸಿದ್ದಾರೆ: ನಮ್ಮನ್ನು ತಿದ್ದಿ ತಮಗೆ ಬೇಕಾದಂತೆ ಮಾಡಿಕೊಳ್ಳುವ ಸಾಧನವಾಗಿ ಆ ಓದು ಇಲ್ಲಿಗೆ ಬಂತು. ಇಂಗ್ಲಿಷ್ ಶಿಕ್ಷಣದ ಪರವಾಗಿ ಮೆಕಾಲೆ 1835ರಲ್ಲಿ ಬರೆದ ಟಿಪ್ಪಣಿ ನಿಮಗೆಲ್ಲ ಗೊತ್ತೇ ಇದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಠ ಹೇಳುವವರ ಬದುಕಿಗಾಗಲಿ ಕೇಳುವವರ ಬದುಕಿಗಾಗಲಿ ಸಂಬಂಧವಿರದಂತೆ ಓದುವ ರೂಢಿ ಅಲ್ಲಿಂದಲೇ ಬಂದಿದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮೆಕಾಲೆಯನ್ನು ಬೈದು ಕೈ ತೊಳೆದುಕೊಳ್ಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಸಾವಿತ್ರಿಬಾಯಿ ಫುಲೆಯವರು 1854ರ ತಮ್ಮ ಮರಾಠಿ ಕವನ ಸಂಕಲನದಲ್ಲಿ ಇಂಗ್ಲಿಷನ್ನು ತಾಯಿ ಎಂದು ಕರೆದರು. ಓದಲು ಬಿಡದವರ ನಡುವೆ ಹುಟ್ಟಿದ ಹೆಣ್ಣುಮಗಳಿಗೆ ಅದು ದೂರದಿಂದ ಬಂದ ಆಸರೆಯಾಗಿ ಕಂಡಿತು. ನಮ್ಮಲ್ಲೇ 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದಾಗ ಎದ್ದ ಗಲಭೆ ಹಿರಿಯರಿಗೆ ನೆನಪಿರುತ್ತದೆ. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಮಾತಿನಿಂದ ನೊಂದವರ ನೋವು ನನಗೆ ಅರ್ಥವಾಗುತ್ತದೆ, ನಾನೂ ಕನ್ನಡದಲ್ಲೇ ಉಸಿರಾಡುವವಳು. ಆದರೂ ಬಸವಲಿಂಗಪ್ಪನವರ ಪ್ರಶ್ನೆ ನಿಜವಾದ ಪ್ರಶ್ನೆ: ನನ್ನ ಭಾಷೆಯ ಪುಸ್ತಕಗಳಲ್ಲಿ ನನ್ನ ಬದುಕು ಎಲ್ಲಿದೆ? ಆ ಗಲಭೆಯ ಬೆನ್ನಿಗೇ ಕರ್ನಾಟಕದಲ್ಲಿ ದಲಿತ ಸಂಘಟನೆ ಗಟ್ಟಿಯಾಯಿತು, ಆ ಪ್ರಶ್ನೆಗೆ ಉತ್ತರವಾಗುವಂಥ ಬರಹಗಳು ಕನ್ನಡದಲ್ಲೇ ಬಂದವು.

ಇನ್ನೊಂದು ಉದಾಹರಣೆ ನನಗೆ ಇವೆಲ್ಲಕ್ಕಿಂತ ಮುಖ್ಯ. ಅಂಬೇಡ್ಕರ್ ಅವರು ತಮ್ಮ ಬದುಕಿನ ಕೆಲವು ಘಟನೆಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಹೆಸರಿನಲ್ಲಿ ಅದು ಪುಸ್ತಿಕೆಯಾಗಿ ಅಚ್ಚಾದದ್ದು 1990ರಲ್ಲಿ, ಅವರು ತೀರಿಕೊಂಡು 34 ವರ್ಷಗಳಾದ ಮೇಲೆ. ಅದರಲ್ಲಿ 1901ರ ಒಂದು ಪ್ರಯಾಣ ಇದೆ. ಬಾಲಕ ಅಂಬೇಡ್ಕರ್ ಅಣ್ಣನ ಜೊತೆ, ಅಕ್ಕನ ಗಂಡುಮಕ್ಕಳ ಜೊತೆ ಅಪ್ಪನನ್ನು ಕಾಣಲು ರೈಲಿನಲ್ಲಿ ಹೊರಡುತ್ತಾನೆ. ಹೊಸ ಅಂಗಿ, ಜರಿಯ ಟೋಪಿ, ರೇಷ್ಮೆ ಅಂಚಿನ ಧೋತರ. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳನ್ನು ಸ್ಟೇಷನ್ ಮಾಸ್ತರ ವಿಚಾರಿಸುತ್ತಾನೆ. ಜಾತಿ ತಿಳಿದ ಕೂಡಲೇ ಅವನ ಮುಖ ಬದಲಾಗುತ್ತದೆ. ಎತ್ತಿನ ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಒಬ್ಬ, ಎರಡು ಪಟ್ಟು ಬಾಡಿಗೆ ಕೊಡಬೇಕು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ ಬರುತ್ತಾನೆ. ಬುತ್ತಿಯಲ್ಲಿ ಊಟ ಇದೆ, ಕುಡಿಯಲು ನೀರಿಲ್ಲ. ದುಡ್ಡು ಕೊಟ್ಟರೂ ನೀರಿಲ್ಲ.

ಇದನ್ನು ಅಂಬೇಡ್ಕರ್ ಮರಾಠಿಯಲ್ಲಿ ಏಕೆ ಬರೆಯಲಿಲ್ಲ? ಕಾರಣವನ್ನು ಮೊದಲಿಗೇ ಸೂಚಿಸುತ್ತಾರೆ. ಅಸ್ಪೃಶ್ಯತೆ ಇದೆ ಎಂಬುದು ಪರದೇಶದವರಿಗೆ ಗೊತ್ತು, ಆದರೆ ಹತ್ತಿರವಿಲ್ಲದ ಕಾರಣ ಅದು ದಿನನಿತ್ಯ ಹೇಗಿರುತ್ತದೆ ಎಂಬುದು ತಿಳಿಯದು, ಅದಕ್ಕೆ ಅವರಿಗೆ ಹೇಳುತ್ತಿದ್ದೇನೆ ಎನ್ನುತ್ತಾರೆ. ಮರಾಠಿಯಲ್ಲಿ ಓದುವವರಲ್ಲಿ ಆ ಗಾಡಿಯವನೂ ಇರುತ್ತಾನೆ, ಸ್ಟೇಷನ್ ಮಾಸ್ತರನೂ ಇರುತ್ತಾನೆ. ಇಂಗ್ಲಿಷಿನಲ್ಲಿ ಓದುವ ಪರದೇಶದವನಿಗೆ ಆ ಮಕ್ಕಳ ಜಾತಿಯ ಹೆಸರು ಬರೀ ಒಂದು ಶಬ್ದ. ಅವನು ಮೊದಲು ಕಾಣುವುದು ಮಕ್ಕಳ ಬಾಯಾರಿಕೆಯನ್ನು. ನಾನು ಇಂಗ್ಲಿಷನ್ನು ಮರೆ ಎಂದು ಕರೆಯುವುದು ಈ ಅರ್ಥದಲ್ಲಿ. ಮನೆಯಲ್ಲಿ ಎಲ್ಲರೆದುರು ಅಳಲಾಗದ ಸೊಸೆ ಸೆರಗು ಮರೆ ಮಾಡಿಕೊಂಡು ಅಳುತ್ತಾಳಲ್ಲ, ಹಾಗೆ ನಮ್ಮ ಎಷ್ಟೋ ಮಕ್ಕಳಿಗೆ ಪರಭಾಷೆ ಒಂದು ಸೆರಗು. ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ.

ದೂರ ನಿಂತರೆ ಮಾತ್ರ ಕಾಣುವ ಸಂಗತಿಗಳೂ ಇವೆ. ಯು.ಆರ್. ಅನಂತಮೂರ್ತಿಯವರು ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರ ನೋಡಿದರು. ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳಿಲ್ಲದ ಸ್ವೀಡಿಷ್ ಚಿತ್ರ ಅದು. ಯುರೋಪಿನವರಿಗೆ ಮಧ್ಯಯುಗ ಪುಸ್ತಕದ ಸಂಗತಿ, ನಮ್ಮೂರಿನಲ್ಲಿ ಅದು ಇಂದಿನ ಬದುಕಿನ ಜೊತೆಗೇ ಇದೆ ಎಂಬ ಮಾತು ಇಬ್ಬರ ನಡುವೆ ಬಂತೆಂದು ಅವರು ಹೇಳುತ್ತಿದ್ದರು. ಅಲ್ಲಿ ಕೂತು ಬರೆದದ್ದು 'ಸಂಸ್ಕಾರ', 1965ರಲ್ಲಿ ಅಚ್ಚಾಯಿತು. ಮಲೆನಾಡಿನ ಅಗ್ರಹಾರವನ್ನು ಅಷ್ಟು ನಿಷ್ಠುರವಾಗಿ ನೋಡಲು ಅವರಿಗೆ ಆ ದೂರ ಬೇಕಾಯಿತು. ಆದರೆ ಬರೆದದ್ದು ಕನ್ನಡದಲ್ಲಿ. ಹೋದವರು ಮರಳಿ ಬಂದರು. ನಮ್ಮ ಎಂ.ಎ. ತರಗತಿಗಳಲ್ಲಿ ಆಗದೇ ಇರುವುದು ಈ ಮರಳಿ ಬರುವ ಕೆಲಸ.

ಕನ್ನಡದಲ್ಲಿ 'ಮರೆ' ಎಂದರೆ ಅಡ್ಡವಾಗಿ ನಿಂತದ್ದು, ಆಸರೆ ಕೊಟ್ಟದ್ದು. 'ಮರೆ' ಎಂದರೆ ನೆನಪು ಬಿಡು ಎಂದೂ ಹೌದು. ಒಂದೇ ಶಬ್ದ ಎರಡೂ ಕೆಲಸ ಮಾಡುತ್ತದೆ. ನಮ್ಮ ತರಗತಿಯ ಇಂಗ್ಲಿಷ್ ಮೊದಲನೆಯ ಅರ್ಥದಲ್ಲಿ ಶುರುವಾಗಿ ಎಷ್ಟೋ ಸಲ ಎರಡನೆಯ ಅರ್ಥದಲ್ಲಿ ಮುಗಿಯುತ್ತದೆ.

ಈಗ ಪೆಕೋಲಾಳ ಕತೆಗೆ ಬರುತ್ತೇನೆ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಿಗೆ ಇದು ಪಠ್ಯವಾಗಿರಬಹುದು, ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಮಾರಿಸನ್ ಹುಟ್ಟಿದ್ದು 1931ರಲ್ಲಿ, ಅಮೆರಿಕದ ಓಹಿಯೋ ರಾಜ್ಯದ ಲೊರೇನ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಅವರೂ ಇಂಗ್ಲಿಷ್ ಎಂ.ಎ. ಮಾಡಿದವರೇ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, 1955ರಲ್ಲಿ. ವರ್ಜೀನಿಯಾ ವುಲ್ಫ್ ಮತ್ತು ಫಾಕ್ನರ್ ಬಗ್ಗೆ ಪ್ರಬಂಧ ಬರೆದರು. ಆಮೇಲೆ ತಮ್ಮ ಮೊದಲ ಕಾದಂಬರಿಗೆ ಕೂತಾಗ ಹೋದದ್ದು ಪ್ರಾಥಮಿಕ ಶಾಲೆಯ ಒಂದು ನೆನಪಿಗೆ: ಜೊತೆಗೆ ಓದುತ್ತಿದ್ದ ಕಪ್ಪು ಹುಡುಗಿಯೊಬ್ಬಳು ತನಗೆ ನೀಲಿ ಕಣ್ಣು ಬೇಕು ಎಂದಿದ್ದಳು. ಆ ಆಸೆಯನ್ನು ಒಂದು ಮಗುವಿನೊಳಗೆ ಯಾರು ಬಿತ್ತಿದರು ಎಂಬುದೇ 1970ರಲ್ಲಿ ಬಂದ ಆ ಕಾದಂಬರಿ.

ಅದು ಶುರುವಾಗುವುದು ಒಂದನೇ ತರಗತಿಯ ಪುಸ್ತಕದಿಂದ. ಡಿಕ್ ಮತ್ತು ಜೇನ್ ಎಂಬ ಮಕ್ಕಳು, ಚಂದದ ಮನೆ, ನಗುವ ಅಪ್ಪ, ಅಮ್ಮ, ನಾಯಿ, ಬೆಕ್ಕು. ಅಮೆರಿಕದ ಮಕ್ಕಳು ಓದು ಕಲಿತದ್ದು ಅಂಥ ಪುಸ್ತಕದಿಂದ. ಮಾರಿಸನ್ ಆ ಪಾಠವನ್ನು ಮೂರು ಸಲ ಬರೆಯುತ್ತಾರೆ. ಮೊದಲು ಸರಿಯಾಗಿ. ಎರಡನೆಯ ಸಲ ಪೂರ್ಣವಿರಾಮಗಳಿಲ್ಲ. ಮೂರನೆಯ ಸಲ ಪದಗಳ ನಡುವಿನ ಜಾಗವೂ ಇಲ್ಲ, ಅಕ್ಷರಗಳು ಉಸಿರು ಕಟ್ಟಿದಂತೆ ಓಡುತ್ತವೆ. ಈ ಪುಟವನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. ಮೂರನೆಯ ಸಲಕ್ಕೆ ಬರುವಾಗ ಹುಡುಗರು ನಗುವುದನ್ನು ನಿಲ್ಲಿಸುತ್ತಿದ್ದರು. ನನ್ನ ಒಂದನೇ ಇಯತ್ತೆಯ ಪುಸ್ತಕದಲ್ಲಿಯೂ ಒಂದು ಚಿತ್ರದ ಮನೆ ಇತ್ತು: ಹೆಂಚಿನ ಮಾಡು, ಅಂಗಳದಲ್ಲಿ ತುಳಸಿಕಟ್ಟೆ, ಆರಾಮಕುರ್ಚಿಯಲ್ಲಿ ಪತ್ರಿಕೆ ಓದುವ ಅಪ್ಪ. ನನ್ನ ಜೊತೆ ಕೂತಿದ್ದ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅದು ಮನೆ, ಹಾಗಾದರೆ ನಮ್ಮದು ಏನು ಎಂದು ಆ ಮಕ್ಕಳಿಗೆ ಅನ್ನಿಸಿರಬೇಕು. ನಮಗೆ ಯಾರಿಗೂ ಆಗ ಗೊತ್ತಾಗಲಿಲ್ಲ.

ಇನ್ನೊಂದು ಪ್ರಸಂಗ. ಪೆಕೋಲಾಳ ತಾಯಿ ಬಿಳಿಯರ ಮನೆಯಲ್ಲಿ ಅಡುಗೆ ಕೆಲಸದವಳು. ಸ್ವಂತ ಮಗಳು ಆ ತಾಯಿಯನ್ನು 'ಮಿಸೆಸ್ ಬ್ರೀಡ್‌ಲವ್' ಎಂದೇ ಕರೆಯಬೇಕು. ಯಜಮಾನರ ಪುಟ್ಟ ಮಗಳು ಅವಳನ್ನು 'ಪಾಲಿ' ಎಂದು ಹೆಸರು ಹಿಡಿದು ಕೂಗುತ್ತಾಳೆ. ಇಂಗ್ಲಿಷ್ ವಿಮರ್ಶೆಗಳಲ್ಲಿ ಇದನ್ನು ಕುರಿತ ಮಾತು ಬೇಕಾದಷ್ಟಿದೆ. ಆದರೆ ಏಕವಚನ ಬಹುವಚನದ ಏಟು ತಿಂದು ಬೆಳೆದ ಕನ್ನಡದ ವಿದ್ಯಾರ್ಥಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಗೌಡರ ಮನೆಯ ಐದು ವರ್ಷದ ಕೂಸು ಎಪ್ಪತ್ತು ವರ್ಷದ ಆಳನ್ನು 'ಬಾರೋ' ಎಂದು ಕರೆಯುವುದನ್ನು ಕೇಳಿದವರು ನಾವು. ಅಡುಗೆಮನೆಯಲ್ಲಿ ಪೆಕೋಲಾಳ ಕೈ ತಾಗಿ ಬಿಸಿ ಹಣ್ಣಿನ ಕಡುಬಿನ ಪಾತ್ರೆ ಬೀಳುತ್ತದೆ, ಕಾಲು ಸುಡುತ್ತದೆ. ತಾಯಿ ತನ್ನ ಮಗಳಿಗೆ ಹೊಡೆದು ಹೊರಗೆ ಅಟ್ಟುತ್ತಾಳೆ, ಅಳುವ ಬಿಳಿ ಮಗುವನ್ನು ಎತ್ತಿ ಸಮಾಧಾನ ಮಾಡುತ್ತಾಳೆ. ಈ ಪುಟವನ್ನು ನಾನು ಎಷ್ಟು ಸಲ ಪಾಠ ಮಾಡಿದೆನೋ ಅಷ್ಟು ಸಲವೂ ನನ್ನ ಗಂಟಲು ಕಟ್ಟಿದೆ.

ಇನ್ನು ಅಂಗಡಿಯ ದೃಶ್ಯ. ಪೆಕೋಲಾ ತನ್ನ ಬೂಟಿನೊಳಗೆ ಬಚ್ಚಿಟ್ಟ ಮೂರು ಪೆನ್ನಿ ತೆಗೆದುಕೊಂಡು ಯಾಕೊಬೌಸ್ಕಿ ಎಂಬ ವಲಸೆ ಬಂದ ಬಿಳಿಯನ ಅಂಗಡಿಗೆ ಹೋಗುತ್ತಾಳೆ. ಅವಳಿಗೆ ಬೇಕಾದ್ದು ಮೇರಿ ಜೇನ್ ಎಂಬ ಮಿಠಾಯಿ. ಅದರ ಕಾಗದದ ಮೇಲೆ ನೀಲಿ ಕಣ್ಣಿನ ಹುಡುಗಿಯ ಚಿತ್ರವಿದೆ. ಅಂಗಡಿಯವನು ಅವಳ ಕಡೆ ನೋಡುತ್ತಾನೆ, ಆದರೆ ಅವಳನ್ನು ಕಾಣುವುದಿಲ್ಲ. ದುಡ್ಡು ತೆಗೆದುಕೊಳ್ಳಲು ಅವಳ ಅಂಗೈ ಮುಟ್ಟಬೇಕಲ್ಲ ಎಂದು ಅವನ ಕೈ ಅರೆಕ್ಷಣ ತಡೆಯುತ್ತದೆ. ಇಷ್ಟೇ ನಡೆಯುವುದು. ಬೈಗುಳವಿಲ್ಲ, ಹೊಡೆತವಿಲ್ಲ. ಹೊರಗೆ ಬಂದ ಹುಡುಗಿ ಸಿಟ್ಟಾಗಲು ನೋಡುತ್ತಾಳೆ, ಸಿಟ್ಟು ನಿಲ್ಲುವುದಿಲ್ಲ, ನಾಚಿಕೆ ಮರಳಿ ಬರುತ್ತದೆ. ಆಮೇಲೆ ಮಿಠಾಯಿ ತಿನ್ನುತ್ತಾಳೆ.

ಒಂದು ವರ್ಷ ಈ ದೃಶ್ಯ ಮುಗಿಸಿ ತರಗತಿಯಿಂದ ಹೊರಗೆ ಬರುತ್ತಿದ್ದೆ. ಕಾರಿಡಾರಿನಲ್ಲಿ ಒಬ್ಬ ವಿದ್ಯಾರ್ಥಿನಿ ಹಿಂದಿನಿಂದ ಬಂದು, "ಮೇಡಂ, ನಮ್ಮೂರಾಗ ಅಂಗಡ್ಯಾಂವ ಚಿಲ್ಲರ ಕೈಯಾಗ ಕೊಡೂದಿಲ್ರಿ" ಎಂದಳು. ತರಗತಿಯೊಳಗೆ ಅವಳು ಎರಡು ವರ್ಷದಲ್ಲಿ ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ. ಓಹಿಯೋದ ಹುಡುಗಿಯ ಮರೆಯಲ್ಲಿ ನಿಂತು ಅವಳು ತನ್ನ ಮಾತು ಆಡಿದ್ದಳು. ಅವಳ ಈ ಮಾತನ್ನು, ಅವಳ ಹೆಸರೆತ್ತದೆ, ಮರುದಿನ ತರಗತಿಯಲ್ಲಿ ಹೇಳಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳ್ರಿ" ಎಂದಳು.

ಮರುದಿನ ಹೇಳಿದೆ. ತರಗತಿ ತಣ್ಣಗಾಯಿತು. ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಮನೆಯಲ್ಲಿ ಕಿರಾಣಿ ವ್ಯಾಪಾರ, ಅದು ಎಲ್ಲರಿಗೂ ಗೊತ್ತಿತ್ತು. ಅವನು ಕೇಳಿದ್ದು ಇಷ್ಟು: "ಮೇಡಂ, ಆ ಯಾಕೊಬೌಸ್ಕಿಗೆ ತಾ ಹಂಗ ಮಾಡಾಕತ್ತೇನಿ ಅಂತ ಗೊತ್ತಿತ್ತೇನ್ರಿ?"

ಮಾರಿಸನ್ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ. ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ಪುಸ್ತಕ ತೆರೆದು ಎಲ್ಲರೂ ಮತ್ತೆ ಓದಿದೆವು. ಅಂಗಡಿಯವನಿಗೆ ಅಲ್ಲಿ ನೋಡಲು ಏನೂ ಇಲ್ಲ ಎಂಬಂತೆ ಮಾರಿಸನ್ ಬರೆದಿದ್ದಾರೆ. ಅವನು ದ್ವೇಷಿಸುತ್ತಿಲ್ಲ, ದ್ವೇಷಿಸಲಾದರೂ ಎದುರಿನಲ್ಲಿ ಒಬ್ಬರು ಇರಬೇಕಲ್ಲ. ಕೈ ತಡೆಯುವುದು ಅವನಿಗೆ ಅಭ್ಯಾಸ, ನಮಗೆ ಮನೆಯ ಹೊಸ್ತಿಲು ದಾಟುವಾಗ ಬಲಗಾಲು ಮುಂದಾದಷ್ಟು ಸಹಜ. ಆ ಹುಡುಗ ಕೂತ. ಮುಂದೆ ಅವನೇನು ಮಾಡಿದ, ಅವರ ಅಂಗಡಿಯಲ್ಲಿ ಏನಾದರೂ ಬದಲಾಯಿತೇ ಎಂದು ನಾನು ಕೇಳಲಿಲ್ಲ. ಅದು ತರಗತಿಯ ಕೆಲಸವೂ ಅಲ್ಲ. ಆದರೆ ಆವತ್ತು ನಾವು ಕಾದಂಬರಿ ಓದಿದೆವು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನಾವು ಕೇಳುವ ಪ್ರಶ್ನೆಯೇ ತಪ್ಪು ದಿಕ್ಕಿನದು ಎಂದು ನನಗೆ ಅರ್ಥವಾದದ್ದು ಅಂದು. 'ಬಲಿಪಶುವಾಗಿ ಪೆಕೋಲಾ' ಎಂದು ಪ್ರಶ್ನೆ ಕೊಟ್ಟರೆ ಓದುವವರೆಲ್ಲ ಅವಳ ಕಡೆ ನಿಂತುಬಿಡುತ್ತಾರೆ, ಅದು ಸುಲಭ. ಮಾರಿಸನ್ ನಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕತೆ ಹೇಳುವ ಕ್ಲಾಡಿಯಾ ಕೊನೆಗೆ ತನ್ನನ್ನೂ ತನ್ನ ಊರನ್ನೂ ಕಟಕಟೆಯಲ್ಲಿ ನಿಲ್ಲಿಸುತ್ತಾಳೆ. ಊರೆಲ್ಲ ತನ್ನ ಮೈಲಿಗೆಯನ್ನು ಆ ಒಬ್ಬ ಹುಡುಗಿಯ ಮೇಲೆ ಹೊರಿಸಿ ತಾನು ಮಡಿಯಾಯಿತು ಎಂದು ನಮ್ಮ ಮಾತಿನಲ್ಲಿ ಹೇಳಬಹುದು. ಅಮೆರಿಕದ ಶಾಲಾ ಗ್ರಂಥಾಲಯಗಳಿಂದ ಈ ಪುಸ್ತಕವನ್ನು ತೆಗೆಸಬೇಕೆಂದು ಇಂದಿಗೂ ಒತ್ತಾಯಿಸುವವರಿದ್ದಾರೆ. ಅದರಲ್ಲಿರುವ ಅತ್ಯಾಚಾರದ ಚಿತ್ರಣ ಅವರು ಕೊಡುವ ಕಾರಣ. ಓದುವವರನ್ನು ಕಟಕಟೆಗೆ ತರುವ ಈ ಗುಣವೂ ಅವರನ್ನು ಕೆಣಕುತ್ತಿರಬೇಕು ಎಂದು ನನಗನ್ನಿಸುತ್ತದೆ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಲೇಬೇಕು. ಅರವಿಂದ ಮಾಲಗತ್ತಿಯವರ ದಲಿತ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ'ದ ಇಂಗ್ಲಿಷ್ ಅನುವಾದ 2007ರಲ್ಲಿ ಬಂತು, ಅದನ್ನು ಪಾಠ ಮಾಡುತ್ತಿದ್ದೆ. ತರಗತಿಯಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿಯ ಕಡೆ ತಿರುಗಿ, "ನಿನ್ನ ಅನುಭವ ಏನಪ್ಪಾ, ಹೇಳು" ಎಂದೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದೆ. ಅವನು ತಲೆ ತಗ್ಗಿಸಿದ. ಎರಡು ವಾರ ತರಗತಿಗೆ ಬರಲಿಲ್ಲ. ಎಲ್ಲರೆದುರು ಅವನ ಜಾತಿಯನ್ನು ನಾನು ಕೂಗಿ ಹೇಳಿದ ಹಾಗಾಗಿತ್ತು. ಮಸೂರಿನ ಸ್ಟೇಷನ್ ಮಾಸ್ತರನೂ ನೀವು ಯಾರು ಎಂದೇ ಕೇಳಿದ್ದ. ಆಮೇಲೆ ಅವನ ಬಳಿ ಕ್ಷಮೆ ಕೇಳಿದೆ, ಅವನು ದೊಡ್ಡ ಮನಸ್ಸಿನಿಂದ "ಇರ್ಲಿ ಬಿಡ್ರಿ ಮೇಡಂ" ಎಂದ. ಅಧ್ಯಾಪಕ ಮಿತ್ರರೇ, ನೊಂದವರ ಬಾಯಿಂದ ನೋವು ಹೊರಡಿಸುವುದನ್ನು ನಾವು ಸಾಹಿತ್ಯದ ಪಾಠ ಎಂದುಕೊಳ್ಳಬಾರದು. ಅವರಿಗೆ ಮರೆ ಬೇಕಿದ್ದರೆ ಇರಲಿ. ಹೇಳಬೇಕೆನಿಸಿದಾಗ ಕಾರಿಡಾರಿನಲ್ಲಿ ಹೇಳುತ್ತಾರೆ, ಉತ್ತರಪತ್ರಿಕೆಯ ಮೂರನೇ ಪ್ಯಾರಾದಲ್ಲಿ ಹೇಳುತ್ತಾರೆ. ಆಗ ಕೇಳಿಸಿಕೊಳ್ಳಲು ನಾವು ಇರಬೇಕು. ತರಗತಿಯಲ್ಲಿ ಕೇಳಬೇಕಾದದ್ದು ಬೇರೆ ಪ್ರಶ್ನೆ: ಈ ಕತೆಯಲ್ಲಿ ಅಂಗಡಿಯವನು ಯಾರು, ಗಾಡಿಯವನು ಯಾರು, ನೋಡುತ್ತ ನಿಂತವರು ಯಾರು, ನಾನು ಅವರಲ್ಲಿ ಎಲ್ಲಿದ್ದೇನೆ? ಇದಕ್ಕೆ ಪ್ರತಿಯೊಬ್ಬರೂ ಉತ್ತರ ಹುಡುಕಬೇಕು, ನಾನೂ.

ಮಾಲಗತ್ತಿಯವರ ಆ ಪುಸ್ತಕದ ಹೆಸರನ್ನೇ ನೋಡಿ. 'ಗೌರ್ಮೆಂಟ್' ಎಂಬುದು ನಮ್ಮ ಜನರ ನಾಲಗೆಯಲ್ಲಿ ತಿರುಗಿ ತಿರುಗಿ ಕನ್ನಡವಾದ ಇಂಗ್ಲಿಷ್ ಶಬ್ದ. ಮೀಸಲಾತಿ ಪಡೆದವರನ್ನು ಚುಚ್ಚಲು ಹುಟ್ಟಿದ ಹೆಸರು ಅದು, ಚುಚ್ಚುವವರ ಧ್ವನಿ ಆ ಉಚ್ಚಾರದಲ್ಲೇ ಇದೆ. ಇಂಗ್ಲಿಷಿಗೆ ಹೋದಾಗ ಆ ಶಬ್ದಕ್ಕೆ ಸರಿಯಾದ ಕಾಗುಣಿತ ಬಂತು, ಒಳಗಿದ್ದ ಮುಳ್ಳು ಹೋಯಿತು. ಅನುವಾದಕರ ತಪ್ಪಲ್ಲ, ಬೇರೆ ದಾರಿ ಇರಲಿಲ್ಲ. ಸಿದ್ದಲಿಂಗಯ್ಯನವರ ಆತ್ಮಕಥನ 'ಊರುಕೇರಿ'ಯನ್ನು ಎಸ್.ಆರ್. ರಾಮಕೃಷ್ಣ ಅವರು ಇಂಗ್ಲಿಷಿಗೆ ತಂದಾಗ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಊರು ಯಾವುದು, ಕೇರಿ ಯಾವುದು, ನಡುವೆ ಇರುವ ದೂರ ಎಷ್ಟು ಎಂಬುದಕ್ಕೆ ಇಂಗ್ಲಿಷಿನಲ್ಲಿ ಶಬ್ದವಿಲ್ಲ. ಆ ಪುಸ್ತಕದ ಆರಂಭದಲ್ಲಿ ಎತ್ತಿನ ಬದಲು ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುತ್ತಿರುವ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಎಂದು ಬಾಲಕ ಗುರುತಿಸುತ್ತಾನೆ. ಇದನ್ನು ಇಂಗ್ಲಿಷಿನಲ್ಲಿ ಓದಿದ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕನ್ನಡದ ಮೂಲವನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಕನ್ನಡ ವಿಭಾಗ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದೆ. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ.

ಇಂಥ ಅಂತರವನ್ನು ಅಳಿಸಲು ಹೊರಟವರೂ ಇದ್ದಾರೆ. 1968ರಲ್ಲಿ ನೈರೋಬಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಗೂಗಿ ವಾ ಥಿಯಾಂಗೋ ಮತ್ತು ಇಬ್ಬರು ಸಹೋದ್ಯೋಗಿಗಳು ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಿ ಎಂದು ಬರೆದುಕೊಟ್ಟರು. ಷೇಕ್ಸ್‌ಪಿಯರ್ ಬೇಡ ಎಂಬುದು ಅವರ ವಾದವಾಗಿರಲಿಲ್ಲ. ನಡುವೆ ಏನಿರಬೇಕು, ಸುತ್ತ ಏನಿರಬೇಕು ಎಂಬುದು ಅವರ ಪ್ರಶ್ನೆ: ಆಫ್ರಿಕಾದ ಬದುಕು, ಬಾಯಿಮಾತಿನ ಕಾವ್ಯ ನಡುವೆ ಇರಲಿ, ಉಳಿದದ್ದೆಲ್ಲ ಅದರ ಸುತ್ತ ಬರಲಿ. ಅಲ್ಲಿ ವಿಭಾಗದ ಸ್ವರೂಪ ಬದಲಾಯಿತು. ನಾವು ಅಷ್ಟು ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೇ 'ಇಂಗ್ಲಿಷ್ ಗೀತಗಳು' ಕೊಟ್ಟವರು, ಆ ಪುಸ್ತಕದಿಂದ ಹೊಸ ಕನ್ನಡ ಕಾವ್ಯಕ್ಕೆ ದಾರಿಯಾಯಿತು. ಗೋಕಾಕ, ಅಡಿಗ, ಲಂಕೇಶ್, ಶಾಂತಿನಾಥ ದೇಸಾಯಿ, ಇವರೆಲ್ಲ ಇಂಗ್ಲಿಷ್ ಪಾಠ ಹೇಳಿ ಕನ್ನಡದಲ್ಲಿ ಬರೆದವರು. ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ ಮೆಟ್ಟಿಲು ನಮ್ಮಲ್ಲಿ ಮೊದಲಿನಿಂದಲೂ ಇದೆ. ಇತ್ತೀಚೆಗೆ ನಾವು ಇಳಿಯುವುದನ್ನು ಬಿಟ್ಟಿದ್ದೇವೆ.

ಪಠ್ಯಕ್ರಮ ಬದಲಿಸಿ ಎಂದು ವಿಶ್ವವಿದ್ಯಾಲಯಕ್ಕೆ ಬರೆಯುತ್ತ ಕೂರುವುದಕ್ಕಿಂತ ನಮ್ಮ ಕೈಯಲ್ಲೇ ಇರುವ ಕೆಲಸ ಮಾಡೋಣ. ಇಂಟರ್ನಲ್ ಅಂಕ ನಮ್ಮ ಕೈಯಲ್ಲಿದೆ. ಒಂದು ಅಸೈನ್‌ಮೆಂಟಿನಲ್ಲಿ ಅಂಗಡಿಯ ದೃಶ್ಯವನ್ನು ಯಾಕೊಬೌಸ್ಕಿಯ ಕಡೆಯಿಂದ ಬರೆಯಲು ಹೇಳಿ. ಮಸೂರಿನ ಪ್ರಯಾಣವನ್ನು ಗಾಡಿಯವನ ಬಾಯಿಂದ ಹೇಳಿಸಿ. ಇಂಗ್ಲಿಷಿನಲ್ಲಿ ಬರೆಯಲಾಗದ ಸಾಲು ಬಂದಾಗ ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ, ಮನೆಯಲ್ಲಿ ಆಡುವ ಯಾವ ಮಾತಿನಲ್ಲಾದರೂ ಬರೆಯಲು ಬಿಡಿ. ಇಂಗ್ಲಿಷ್ ಕೆಟ್ಟುಹೋಗುವುದಿಲ್ಲ. ಹಾಗೆ ಬರೆದ ಮಕ್ಕಳ ಇಂಗ್ಲಿಷ್ ಎರಡು ಸೆಮಿಸ್ಟರಿನಲ್ಲಿ ಸುಧಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಲು ಏನೋ ಇದ್ದಾಗ ಶಬ್ದ ಹುಡುಕುವ ಹಟ ಬರುತ್ತದೆ. 'ಊರುಕೇರಿ'ಯನ್ನು ಇಂಗ್ಲಿಷಿನಲ್ಲಿ ಪಾಠ ಮಾಡುವ ದಿನ ಕನ್ನಡ ವಿಭಾಗದವರನ್ನು ಕರೆದು ಮೂಲವನ್ನು ಓದಿಸಿ, ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

ಉತ್ತರಪತ್ರಿಕೆಗಳನ್ನು ಅವಧಿ ಮುಗಿದ ಮೇಲೆ ಇಟ್ಟುಕೊಳ್ಳುವುದಿಲ್ಲ. ನಾನು 7 ಅಂಕ ಕೊಟ್ಟ ಆ ಆರು ಸಾಲು ಈಗ ಎಲ್ಲೂ ಇಲ್ಲ, ಬರೆದವರು ಯಾರೆಂದೂ ನನಗೆ ಗೊತ್ತಿಲ್ಲ, ಸಂಖ್ಯೆಯ ಹೊರತು ಅದರ ಮೇಲೆ ಹೆಸರಿರಲಿಲ್ಲ. ಅಧ್ಯಾಪಕ ಬಂಧುಗಳೇ, ಮುಂದಿನ ಬಂಡಲಿನಲ್ಲಿ ನಿಮಗೆ ಅಂಥ ಸಾಲುಗಳು ಸಿಕ್ಕರೆ ದಯವಿಟ್ಟು ಕೆಂಪು ಪೆನ್ನು ಕೆಳಗಿಟ್ಟು ಇನ್ನೊಂದು ಸಲ ಓದಿ.